ಕಡತಗಳ ಕೋಣೆಯಲ್ಲೊಂದು ಕೊಲೆ

ಪಿ.ಡಿ. ಜೇಮ್ಸ್ ಮಾತು ಬಂದರೆ ಅಗಾಥಾ ಕ್ರಿಸ್ಟಿಯ ಉತ್ತರಾಧಿಕಾರಿ ಎಂದು ಹೇಳಿ ಮುಗಿಸುವುದು ರೂಢಿ. ನನಗದು ಅರ್ಧ ಸತ್ಯ. ಕ್ರಿಸ್ಟಿಯಲ್ಲಿ ರೈಲು, ಹಡಗು, ದ್ವೀಪ. ಜನ ರಜೆಯಲ್ಲಿದ್ದಾಗ ಸಾಯುತ್ತಾರೆ. ಜೇಮ್ಸ್ ಕಾದಂಬರಿಗಳಲ್ಲಿ ಕೊಲೆ ನಡೆಯುವುದು ಬಹುಪಾಲು ಕೆಲಸದ ಜಾಗದಲ್ಲಿ.

1920ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಅವರು 16ಕ್ಕೇ ಶಾಲೆ ಬಿಟ್ಟರು. ವೈದ್ಯನಾಗಿದ್ದ ಗಂಡ ಎರಡನೇ ಮಹಾಯುದ್ಧದಿಂದ ಮಾನಸಿಕ ಕಾಯಿಲೆ ಹೊತ್ತು ಮರಳಿದರು. ಇಬ್ಬರು ಹೆಣ್ಣುಮಕ್ಕಳು, ದುಡಿಯುವ ಕೈ ಒಂದೇ. 1949ರಿಂದ ಲಂಡನ್ನಿನ ಆಸ್ಪತ್ರೆ ಮಂಡಳಿಯಲ್ಲಿ ಆಡಳಿತದ ಕೆಲಸ, 1968ರಿಂದ ನಿವೃತ್ತಿಯವರೆಗೆ ಗೃಹ ಇಲಾಖೆ. ಬೆಳಗ್ಗೆ ಬೇಗ ಎದ್ದು ಕಚೇರಿಗೆ ಹೊರಡುವ ಮುನ್ನ ಬರೆದ 'ಕವರ್ ಹರ್ ಫೇಸ್' 1962ರಲ್ಲಿ ಹೊರಬಂತು. ಅಮೆರಿಕದಲ್ಲಿ ಭರ್ಜರಿಯಾಗಿ ಮಾರಾಟವಾದ 'ಇನೊಸೆಂಟ್ ಬ್ಲಡ್' ಬಂದದ್ದು 1980ರಲ್ಲಿ, ನೌಕರಿ ಮುಗಿದ ಮೇಲೆ.

ಲೋಕಲ್ ಟ್ರೈನು ಹಿಡಿಯುವ ಮುಂಚೆ ಎರಡು ಪುಟ ಬರೆಯಲು ಹೆಣಗುವ ನಮ್ಮಂಥವರಿಗೆ ಇದು ಸ್ಫೂರ್ತಿಕಥೆಯಂತೆ ಕಾಣಬಹುದು. ಹಾಗೆ ಓದಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ನೌಕರಿ ಅವರ ಬರವಣಿಗೆಗೆ ಅಡ್ಡಿಯಷ್ಟೇ ಆಗಿರಲಿಲ್ಲ, ಸರಕೂ ಅದೇ ಆಗಿತ್ತು. 'ಎ ಮೈಂಡ್ ಟು ಮರ್ಡರ್' (1963) ನೋಡಿ. ಮನೋವೈದ್ಯರ ಕ್ಲಿನಿಕ್ಕಿನ ನೆಲಮಾಳಿಗೆಯಲ್ಲಿ, ಹಳೆಯ ಕಡತಗಳ ಕೋಣೆಯಲ್ಲಿ ಹೆಣವಾಗಿ ಬಿದ್ದಿರುವವಳು ಆಡಳಿತಾಧಿಕಾರಿ! ಅಂದರೆ ಜೇಮ್ಸ್ ತಾವೇ ಬಲ್ಲ ಕುರ್ಚಿಯಲ್ಲಿ ಕೂತವಳು. (ಸಹೋದ್ಯೋಗಿಗಳು ಓದಿ ಏನಂದುಕೊಂಡರೋ.) 'ಶ್ರೌಡ್ ಫಾರ್ ಎ ನೈಟಿಂಗೇಲ್' (1971) ನರ್ಸಿಂಗ್ ಶಾಲೆಗೆ ಇನ್‌ಸ್ಪೆಕ್ಷನ್ ಬಂದ ದಿನವೇ ಶುರುವಾಗುತ್ತದೆ. ನಳಿಕೆಯಲ್ಲಿ ರೋಗಿಗೆ ಆಹಾರ ಕೊಡುವ ಪ್ರಾತ್ಯಕ್ಷಿಕೆ. ರೋಗಿಯ ಪಾತ್ರದಲ್ಲಿ ಮಲಗಿದ ವಿದ್ಯಾರ್ಥಿನಿ ಎಲ್ಲರೆದುರೇ ಸಾಯುತ್ತಾಳೆ. ಯಾರ ಪಾಳಿ, ಬೀಗದಕೈ ಯಾರ ಬಳಿ, ಯಾರ ಬಡ್ತಿಗೆ ಯಾರು ಅಡ್ಡ: ಕಚೇರಿಯಲ್ಲಿ ದುಡಿದವರಿಗೆ ಇವು ಬರೀ ಸುಳಿವುಗಳಲ್ಲ, ದಿನನಿತ್ಯದ ಸಂಕಟಗಳು.

ತಕರಾರುಗಳೂ ಇವೆ. ಹದಿನಾಲ್ಕು ಕಾದಂಬರಿಗಳ ಪತ್ತೇದಾರ, ಕವಿಯೂ ಆದ ಆಡಂ ಡಾಲ್ಗ್ಲೀಷ್ ತೀರಾ ನಯನಾಜೂಕಿನವನು. ಅವನಿಗೊಮ್ಮೆ ಬಸ್ಸು ತಪ್ಪಬಾರದೇ ಅನ್ನಿಸುತ್ತದೆ. ಕೊನೆಕೊನೆಯ ಪುಸ್ತಕಗಳಲ್ಲಿ ಮನೆಯ ಪೀಠೋಪಕರಣಗಳ ವರ್ಣನೆಗೆ ಕೊಲೆಗಾರನೂ ಕಾಯಬೇಕು. ಮೊದಲ ಕಾದಂಬರಿಯಲ್ಲಿ ಕೊಲೆಯಾಗುವ ಮನೆಗೆಲಸದ ಹುಡುಗಿ ಸ್ಯಾಲಿ, ಮದುವೆಯಿಲ್ಲದೆ ತಾಯಾದವಳೆಂದು ಸುತ್ತಲಿನವರು ನಂಬಿದವಳು, ಹೆಚ್ಚಾಗಿ ಇತರರ ಮಾತುಗಳಲ್ಲೇ ನಮಗೆ ಸಿಗುತ್ತಾಳೆ. ಅವಳ ಪರವಾಗಿ ಯಾರೂ ಮಾತಾಡುವುದಿಲ್ಲ ಅನ್ನಿಸಿ ನನಗೆ ಸಿಟ್ಟೂ ಬಂತು.

ನನ್ನ ಆಯ್ಕೆ 'ಆ್ಯನ್ ಅನ್‌ಸೂಟಬಲ್ ಜಾಬ್ ಫಾರ್ ಎ ವುಮನ್' (1972). ಪಾಲುದಾರ ಆತ್ಮಹತ್ಯೆ ಮಾಡಿಕೊಂಡು, ನಷ್ಟದಲ್ಲಿರುವ ಪತ್ತೇದಾರಿ ಕಚೇರಿ 22ರ ಕಾರ್ಡೀಲಿಯಾ ಗ್ರೇ ಪಾಲಿಗೆ ಬರುತ್ತದೆ. ಇದು ಹೆಣ್ಣಿಗೆ ಹೇಳಿಸಿದ ಕೆಲಸವಲ್ಲ ಎಂದು ಕಂಡಕಂಡವರು ಹೇಳುತ್ತಾರೆ. ಅವಳು ವಾದ ಮಾಡುವುದಿಲ್ಲ, ಕೆಲಸಕ್ಕೆ ಹೋಗುತ್ತಾಳೆ. ಇಂಥವಳಿಗೆ ಜೇಮ್ಸ್ ಕೊಟ್ಟದ್ದು ಎರಡೇ ಕಾದಂಬರಿ.