ಮಧುಗಿರಿ ಎಲ್ಲಿ ಹೋಯಿತು?

ಯಾವ ಕೋಷ್ಟಕ ಕೈಗೆ ಬಂದರೂ ನಾನು ಮೊದಲು ನೋಡುವುದು ಬಲಗಡೆಯ ಕೆಳಮೂಲೆ. ಒಟ್ಟು ಮೊತ್ತ ಕೂರುವ ಜಾಗ ಅದು. ಆ ಸಂಖ್ಯೆಗೂ ಮೂಲ ಕಡತದ ಸಾಲುಗಳಿಗೂ ತಾಳೆಯಾಗದಿದ್ದರೆ ಒಳಗಿನ ಅಂಕಿಗಳನ್ನು ಓದುವ ಗೋಜಿಗೇ ಹೋಗುವುದಿಲ್ಲ.

ಈ ಚಟ ಅಂಟಿಸಿದ್ದು ಎಸ್ಸೆಸ್ಸೆಲ್ಸಿ ಫಲಿತಾಂಶ. ಒಮ್ಮೆ ಅದನ್ನು ಜನಗಣತಿಯ ಜಿಲ್ಲಾ ಪಟ್ಟಿಗೆ ಹೆಸರಿನ ಮೇಲೆ ಜೋಡಿಸಿ, ಜಿಲ್ಲೆ ಒಂದು ಕಡೆ, ಬಾಲಕ-ಬಾಲಕಿಯರು ಇನ್ನೊಂದು ಕಡೆ ಬರುವಂತೆ ಸ್ಯಾಸ್ ತಂತ್ರಾಂಶದಲ್ಲಿ ಕೋಷ್ಟಕ ಮಾಡಿಕೊಡುವ ಪ್ರಾಕ್ ಟ್ಯಾಬ್ಯುಲೇಟ್‌ಗೆ ಕೊಟ್ಟೆ. ಕೋಷ್ಟಕ ಅಚ್ಚುಕಟ್ಟಾಗಿ ಬಂತು. ಲಾಗ್‌ನಲ್ಲಿ ಒಂದು ಕೆಂಪಕ್ಷರವಿಲ್ಲ. ಮಕ್ಕಳ ಲೆಕ್ಕ ಮಾತ್ರ ಕಡಿಮೆ. ಹುಡುಕಿದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ನಾಪತ್ತೆ!

ಆ ಕಡೆಯ ಬಲಸಮುದ್ರ ಎಂಬ ಊರಿನ ಹುಡುಗಿಯನ್ನು ಜನಗಣತಿ ಎಣಿಸುವುದು ತುಮಕೂರು ಜಿಲ್ಲೆಯಲ್ಲಿ. ಅವಳ ಎಸ್ಸೆಸ್ಸೆಲ್ಸಿ ಫಲಿತಾಂಶ ಸೇರುವುದು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ. ರಾಜ್ಯದಲ್ಲಿ ಕಂದಾಯ ಜಿಲ್ಲೆ 31, ಶೈಕ್ಷಣಿಕ ಜಿಲ್ಲೆ 35. ಶಿರಸಿ, ಚಿಕ್ಕೋಡಿಗಳದೂ ಮಧುಗಿರಿಯದೇ ಕಥೆ. ಜೋಡಿಯಾಗದ ಸಾಲಿನಲ್ಲಿ ಜಿಲ್ಲೆಯ ಸಂಕೇತ ಖಾಲಿ ಉಳಿಯಿತು. ಟ್ಯಾಬ್ಯುಲೇಟ್‌ನ ಸ್ವಭಾವವೇ ಹಾಗೆ: ಕ್ಲಾಸ್ ಎಂದು ಹೆಸರಿಸಿದ ಅಂಶಗಳಲ್ಲಿ ಒಂದು ಖಾಲಿಯಿದ್ದರೂ ಇಡೀ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಆ ಅಂಶವನ್ನು ಕೋಷ್ಟಕದಲ್ಲಿ ಬಳಸದೇ ಇದ್ದರೂ ಸರಿಯೆ. ‘ಮಿಸ್ಸಿಂಗ್’ ಎಂದು ಒಂದು ಪದ ಸೇರಿಸಿದರೆ ಬಿಟ್ಟವರೆಲ್ಲ ಒಂದು ಸಾಲಾಗಿ ಎದುರಿಗೆ ಬಂದು ನಿಲ್ಲುತ್ತಾರೆ. ಆರ್ ಭಾಷೆಯ ‘ಟೇಬಲ್’ ಕೂಡ ಇದೇ ಜಾತಿ. ಅಲ್ಲಿ ‘ಯೂಸ್‌ಎನ್‌ಎ’ ಎಂದು ಕೇಳಬೇಕು.

ಖಾಲಿ ಬಿದ್ದದ್ದಾದರೂ ಹೀಗೆ ಸಿಕ್ಕಿಬೀಳುತ್ತದೆ. ತಪ್ಪಾಗಿ ಕೂಡಿಕೊಂಡದ್ದು ಸಿಗುವುದಿಲ್ಲ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಆ ಹೆಸರಿನ ಶೈಕ್ಷಣಿಕ ಜಿಲ್ಲೆ ಬೆಂಗಳೂರು ನಗರದೊಳಗೆ ಮೊದಲೇ ಇತ್ತು. ಹೆಸರು ನೋಡಿ ಜೋಡಿಸಿದರೆ ನಗರದ ಮಕ್ಕಳು ರಾಮನಗರಕ್ಕೆ ಹೋಗಿ ಕೂರುತ್ತಾರೆ, ಮೊತ್ತವೂ ಸರಿಯಾಗಿಯೇ ಇರುತ್ತದೆ! ಅದಕ್ಕೇ ಹೆಸರನ್ನು ನಂಬಬಾರದು. ಶಾಲೆಗಳಿಗೆ 11 ಅಂಕಿಯ ಯು-ಡೈಸ್ ಸಂಕೇತವಿದೆ, ಕರ್ನಾಟಕದ್ದಾದರೆ 29ರಿಂದ ಶುರು. ಜೋಡಣೆ ಅದರ ಮೇಲಾಗಲಿ.

ಶೇಕಡಾವಾರಿನ ಎಡವಟ್ಟು ಬೇರೆ. ಒಂದು ಕಡೆ 100ರಲ್ಲಿ 90, ಇನ್ನೊಂದು ಕಡೆ 300ರಲ್ಲಿ 180 ಮಕ್ಕಳು ಪಾಸಾದರು ಎನ್ನಿ. 90ನ್ನೂ 60ನ್ನೂ ಕೂಡಿ ಅರ್ಧ ಮಾಡಿ ಶೇ 75 ಎಂದು ಬರೆಯುವವರನ್ನು ನೋಡಿದ್ದೇನೆ. ಸರಿಯಾದ ಉತ್ತರ ಶೇ 67.5. ತುಮಕೂರು, ಮಧುಗಿರಿ ಎರಡನ್ನೂ ಸೇರಿಸಿ ಕಂದಾಯ ಜಿಲ್ಲೆಯ ಫಲಿತಾಂಶ ಹೇಳುವಾಗ ತಲೆಗಳನ್ನು ಕೂಡಬೇಕು, ಶೇಕಡಾವನ್ನಲ್ಲ.

ಈಗ ನನ್ನ ಶಾಲಾ ಪಟ್ಟಿಯಲ್ಲಿ ಜಿಲ್ಲೆಗೆ ಎರಡು ಅಂಕಣ. ಬಲಸಮುದ್ರದ ಎದುರು ಒಂದರಲ್ಲಿ ತುಮಕೂರು, ಇನ್ನೊಂದರಲ್ಲಿ ಮಧುಗಿರಿ.