ಆಸ್ಕಟ್‌ನ ಆ ಉಡುಪು ಯಾರದು?

'ಮೈ ಫೇರ್ ಲೇಡಿ' (1964) ನೋಡಿದವರು ಕಥೆ ಮರೆತರೂ ಒಂದು ಉಡುಪನ್ನು ಮರೆಯುವುದಿಲ್ಲ. ಹೂ ಮಾರುವ ಹುಡುಗಿ ಎಲೈಜಾ ಡೂಲಿಟಲ್ ಆಸ್ಕಟ್‌ನ ಕುದುರೆ ರೇಸಿಗೆ ತೊಟ್ಟು ಬರುವ ಉಡುಪು ಅದು. ಮೈಗೆ ಒಪ್ಪಿ ಕೂತ ಬಿಳಿ ಲೇಸಿನ ಉದ್ದ ಗೌನು, ಅದರ ಮೇಲೆ ಕಪ್ಪು-ಬಿಳಿ ಪಟ್ಟೆಯ ರಿಬ್ಬನ್ನು, ತಲೆಯ ಮೇಲೆ ಕೊಡೆಯಷ್ಟು ಅಗಲದ ಟೋಪಿ. ರೇಸಿಗೆ ಹೇಗೆ ಉಡಬೇಕು ಎಂದು ಹೇಳುವವರು ಇಂದಿಗೂ ಆಡ್ರೆ ಹೆಪ್ಬರ್ನ್‌ಳ ಆ ಚಿತ್ರವನ್ನೇ ತೋರಿಸುತ್ತಾರೆ. ಆ ದೃಶ್ಯ ನೋಡುವಾಗಲೆಲ್ಲ ನನಗೆ ಏಳುವ ಪ್ರಶ್ನೆ ಬೇರೆ: ಇದನ್ನು ಆರಿಸಿದವರು ಯಾರು?

ಸಿನಿಮಾದಲ್ಲಿ ಎಲೈಜಾ ಬಟ್ಟೆ ಆರಿಸುವುದನ್ನು ನಾವು ಕಾಣುವುದೇ ಇಲ್ಲ. ಉಚ್ಚಾರಣೆ ಕಲಿಯಲು ಅವಳು ಪಡುವ ಪಾಡನ್ನು ವಿವರವಾಗಿ ತೋರಿಸುವ ಕ್ಯಾಮೆರಾ, ಉಡುಪಿನ ವಿಷಯದಲ್ಲಿ ಒಂದೇ ನೆಗೆತಕ್ಕೆ ಆಸ್ಕಟ್ ಮುಟ್ಟುತ್ತದೆ. ಅಲ್ಲಿ ಅವಳು ಸಿದ್ಧವಾಗಿ ನಿಂತಿದ್ದಾಳೆ.

ಬರ್ನಾರ್ಡ್ ಶಾ ಬರೆದ 'ಪಿಗ್ಮೇಲಿಯನ್' ನಾಟಕದಲ್ಲಿ ಈ ರೇಸಿನ ದೃಶ್ಯವಿಲ್ಲ. ಎಲೈಜಾಳ ಮೊದಲ ಪರೀಕ್ಷೆ ನಡೆಯುವುದು ಪ್ರೊಫೆಸರ್ ಹಿಗಿನ್ಸ್‌ನ ತಾಯಿಯ ಮನೆಯ ಹಜಾರದಲ್ಲಿ. ಅಲ್ಲಿ ಅವಳು ಅಚ್ಚುಕಟ್ಟಾದ ಉಚ್ಚಾರಣೆಯಲ್ಲೇ ಒಂದು ಬೈಗುಳವನ್ನು ಆಡಿಬಿಡುತ್ತಾಳೆ. 1914ರ ಲಂಡನ್ನಿನ ಪ್ರೇಕ್ಷಕರನ್ನು ಬೆಚ್ಚಿಬೀಳಿಸಲು ಅಷ್ಟು ಸಾಕಾಗಿತ್ತು. ನಾಟಕವನ್ನು ಸಂಗೀತರೂಪಕ ಮಾಡಿದ 1956ರ ಹೊತ್ತಿಗೆ ಆ ಪದ ಮೊಂಡಾಗಿತ್ತು. ಆದ್ದರಿಂದ ಅಲನ್ ಜೇ ಲರ್ನರ್ ಹಜಾರವನ್ನು ರೇಸ್‌ಕೋರ್ಸಿಗೆ ಸಾಗಿಸಿದರು. ಮಾತಿನ ನಾಟಕಕ್ಕೆ ಬಟ್ಟೆಯ ನಾಟಕ ಬಂದು ಸೇರಿಕೊಂಡಿತು.

ಜಾಗದ ಆಯ್ಕೆ ಜಾಣತನದ್ದು. 1711ರಲ್ಲಿ ರಾಣಿ ಆ್ಯನ್ ಆರಂಭಿಸಿದ ಆಸ್ಕಟ್‌ನಲ್ಲಿ ಬಟ್ಟೆ ಎಂಬುದು ಒಂದು ಬಗೆಯ ರಹದಾರಿ. ಅಲ್ಲಿನ ರಾಜಮನೆತನದ ಆವರಣಕ್ಕೆ ಹೋಗುವ ಗಂಡಸರು ಇವತ್ತಿಗೂ ಎತ್ತರದ ಟೋಪಿಯನ್ನೂ ಹಿಂದೆ ಇಳಿಬಿದ್ದ ಕೋಟನ್ನೂ ಧರಿಸಬೇಕು. ಹೆಂಗಸರ ಉಡುಪು ಮೊಣಕಾಲಿನ ತುಸು ಮೇಲಿನವರೆಗಾದರೂ ಇಳಿದಿರಬೇಕು, ತಲೆಗೆ ಟೋಪಿ ಇರಬೇಕು. 1910ರಲ್ಲಿ ಏಳನೇ ಎಡ್ವರ್ಡ್ ತೀರಿಕೊಂಡಾಗ ರೇಸು ನಿಲ್ಲಲಿಲ್ಲ. ಬಂದವರೆಲ್ಲ ಕಪ್ಪು ಉಟ್ಟು ಬಂದರು. ವಸ್ತ್ರವಿನ್ಯಾಸಕ ಸೆಸಿಲ್ ಬೀಟನ್ ಸಿನಿಮಾದಲ್ಲಿ ಇಡೀ ಆಸ್ಕಟ್ಟನ್ನು ಕಪ್ಪು, ಬಿಳಿ, ಬೂದು ಬಣ್ಣಗಳಿಗೆ ಇಳಿಸಿದ್ದರ ಹಿಂದೆ ಆ 'ಕಪ್ಪು ಆಸ್ಕಟ್'ನ ನೆನಪಿದೆ ಎನ್ನುತ್ತಾರೆ. ನೂರಾರು ಶ್ರೀಮಂತರು ಗೊಂಬೆಗಳಂತೆ ನಿಂತಿರುತ್ತಾರೆ. ಕುದುರೆಗಳು ದಡದಡ ಓಡಿಹೋದರೂ ಒಬ್ಬರ ಮುಖದಲ್ಲೂ ಗೆರೆ ಅಲುಗುವುದಿಲ್ಲ. ಅವರು ನೋಡಲು ಬಂದಿರುವುದು ಕುದುರೆಗಳನ್ನಲ್ಲ, ಪರಸ್ಪರರನ್ನು.

ಈ ಕಪ್ಪು-ಬಿಳುಪಿನ ನಡುವೆ ಒಬ್ಬನೇ ಒಬ್ಬ ನಿಯಮ ಮುರಿದು ಬಂದಿದ್ದಾನೆ. ಅವನು ಹಿಗಿನ್ಸ್. ತೊಟ್ಟಿರುವುದು ಕಂದು ಬಣ್ಣದ ಒರಟು ಟ್ವೀಡ್ ಸೂಟು. ಅಮ್ಮ ಮುಜುಗರಪಡುತ್ತಾಳೆ, ಅಷ್ಟೇ. ಯಾರೂ ಅವನನ್ನು ಹೊರಗೆ ಕಳಿಸುವುದಿಲ್ಲ. ಎಲ್ಲರಿಗಿಂತ ಸರಿಯಾಗಿ ಉಟ್ಟು ಬಂದ ಎಲೈಜಾಳಾದರೋ ತಾನು ಪಣ ಕಟ್ಟಿದ ಕುದುರೆ ಹಿಂದೆ ಬಿದ್ದಾಗ ಉತ್ಸಾಹದಲ್ಲಿ ತನ್ನ ಬೀದಿಯ ಭಾಷೆಯಲ್ಲಿ ಒಮ್ಮೆ ಕೂಗುತ್ತಾಳೆ. ಆ ಒಂದು ಕೂಗಿಗೆ ಅಷ್ಟೂ ಲೇಸು, ಅಷ್ಟೂ ರಿಬ್ಬನ್ನು ವ್ಯರ್ಥವಾಗುತ್ತದೆ. ಈ ದೃಶ್ಯದ ನಿಜವಾದ ವಿಮರ್ಶೆ ಇರುವುದು ಆ ಎರಡು ಉಡುಪುಗಳ ನಡುವೆ ಎಂದು ನನ್ನ ಎಣಿಕೆ. ಕೆಟ್ಟದಾಗಿ ಉಡುವ ಸ್ವಾತಂತ್ರ್ಯ ಎಲ್ಲರಿಗೂ ಸಿಗುವುದಿಲ್ಲ. ಹುಟ್ಟಿನಿಂದಲೇ ಒಳಗಿರುವವನು ಹೇಗೆ ಬಂದರೂ ಅದು ಅವನ ಸ್ವಭಾವ. ಹೊರಗಿನಿಂದ ಬಂದವಳದು ಮಾತ್ರ ತಪ್ಪು.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಸೆಮಿನಾರಿಗೆ ಹೋಗುವ ಹಿಂದಿನ ರಾತ್ರಿ ಪ್ರಬಂಧ ತಿದ್ದುವುದಕ್ಕಿಂತ ಯಾವ ಸೀರೆ ಎಂದು ಯೋಚಿಸುವುದಕ್ಕೇ ಹೆಚ್ಚು ಹೊತ್ತು ಕಳೆದದ್ದುಂಟು. ವೇದಿಕೆಯಲ್ಲಿರುವ ಹಿರಿಯರ ಮುದುಡಿದ ಜುಬ್ಬ ಸರಳತೆ ಎನಿಸಿಕೊಳ್ಳುತ್ತದೆ. ನನ್ನ ಸೀರೆ ಮುದುಡಿದ್ದರೆ ಅದು ಸರಳತೆ ಆಗುವುದಿಲ್ಲ, 'ಪಾಪ, ಗೊತ್ತಾಗೋದಿಲ್ಲ' ಎಂದಾಗುತ್ತದೆ.

ಬೀಟನ್‌ರ ಕೆಲಸದ ಬಗ್ಗೆ ನನ್ನ ತಕರಾರು ಇಲ್ಲಿಯೇ. ಆಸ್ಕಟ್‌ನ ಜನರನ್ನು ಗೇಲಿ ಮಾಡಲೆಂದು ಹೊಲಿದ ಬಟ್ಟೆಗಳು ಎಷ್ಟು ಚೆನ್ನಾಗಿ ಬಂದಿವೆಯೆಂದರೆ ಗೇಲಿ ಸೋತು ಬಟ್ಟೆ ಗೆದ್ದಿದೆ. ಆ ಸಿನಿಮಾದ ವಸ್ತ್ರವಿನ್ಯಾಸಕ್ಕೆ ಅವರಿಗೆ ಆಸ್ಕರ್ ಬಂತು, ಅದು ನ್ಯಾಯವೇ. ಆದರೆ ನಾವು ಎಲೈಜಾಳ ಟೋಪಿ ನೋಡುತ್ತ ಹಿಗಿನ್ಸ್‌ನ ಟ್ವೀಡನ್ನು ಗಮನಿಸದೆ ಹೋಗುತ್ತೇವೆ. ಯಾವ ಸಮಾಜವನ್ನು ನೋಡಿ ನಗಬೇಕಿತ್ತೋ ಅದರ ಕಣ್ಣಿನಿಂದಲೇ ನೋಡತೊಡಗುತ್ತೇವೆ.

ಶಾ ಈ ಬಲೆಗೆ ಬೀಳಲಿಲ್ಲ. ಪಣ ಗೆದ್ದ ರಾತ್ರಿ ಅವನ ಎಲೈಜಾ ಹಿಗಿನ್ಸ್‌ನನ್ನು ಒಂದು ಲೆಕ್ಕದ ಮಾತು ಕೇಳುತ್ತಾಳೆ: ಈ ಬಟ್ಟೆಗಳು ತನ್ನವೋ, ಕರ್ನಲ್ ಪಿಕರಿಂಗ್‌ರವೋ? ಹೋಗುವಾಗ ಏನನ್ನು ಒಯ್ಯಬಹುದು ಎಂದು ಅವಳಿಗೆ ತಿಳಿಯಬೇಕು, ನಾಳೆ ಯಾರೂ ಕಳ್ಳಿ ಎನ್ನಬಾರದು. ಸಿನಿಮಾದಲ್ಲೂ ಈ ಪ್ರಶ್ನೆ ಉಳಿದಿದೆ. ಹಿಗಿನ್ಸ್‌ಗೆ ಅದು ಅರ್ಥವೇ ಆಗುವುದಿಲ್ಲ. ತನ್ನ ಬಟ್ಟೆ ಯಾರದೆಂದು ಕೇಳಬೇಕಾದ ಸಂದರ್ಭ ಅವನಿಗೆಂದೂ ಬಂದಿಲ್ಲ.

2011ರಲ್ಲಿ ಆ ಆಸ್ಕಟ್ ಉಡುಪು ಹರಾಜಿಗೆ ಬಂತು. 37 ಲಕ್ಷ ಡಾಲರಿಗೆ ಕೂಗು ನಿಂತಿತು. ಬಟ್ಟೆ ಯಾರದು ಎಂಬ ಪ್ರಶ್ನೆಗೆ ಮಾರುಕಟ್ಟೆಯ ಉತ್ತರ ಸಿಕ್ಕಿತು. ಎಲೈಜಾಳಿಗೆ ಬೇಕಿದ್ದ ಉತ್ತರ ಅದಾಗಿರಲಿಲ್ಲ.