ಮರೆಮಾಡಿದ ಮಾತ್ರಕ್ಕೆ ತೆಗೆದಂತಲ್ಲ

ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯಲ್ಲಿ, ಎಂದರೆ ಯಂತ್ರಕ್ಕೂ ಬಳಕೆದಾರನ ತಂತ್ರಾಂಶಗಳಿಗೂ ನಡುವೆ ನಿಂತು ಎರಡನ್ನೂ ನಡೆಸುವ ಮೂಲ ತಂತ್ರಾಂಶದಲ್ಲಿ, ಬೇಡದ ಸೌಲಭ್ಯವೊಂದನ್ನು 'ಆಫ್ ಮಾಡುವುದು' ಎಂಬ ಒಂದೇ ಮಾತಿನೊಳಗೆ ಗುಂಡಿಯನ್ನು ಮರೆಮಾಡುವುದು, ಸೌಲಭ್ಯವನ್ನು ನಿಲ್ಲಿಸುವುದು, ಅದನ್ನು ಡಿಸ್ಕಿನಿಂದಲೇ ತೆಗೆದುಹಾಕುವುದು ಎಂಬ ಮೂರು ಬೇರೆ ಬೇರೆ ಕೆಲಸಗಳು ಅಡಗಿವೆ. ವಿಂಡೋಸ್ 11ಕ್ಕೆ ಕೃತಕ ಬುದ್ಧಿಮತ್ತೆಯ ಸೌಲಭ್ಯಗಳು 2023ರಿಂದೀಚೆಗೆ ಒಂದರ ಮೇಲೊಂದು ಬಂದು ಸೇರುತ್ತಿರುವುದರಿಂದ, ಮೊದಲನೆಯ ಕೆಲಸವನ್ನಷ್ಟೇ ಮಾಡಿ ಮೂರನೆಯದೂ ಮುಗಿಯಿತೆಂದು ನೆಮ್ಮದಿಯಿಂದಿರುವವರು ಕಡಿಮೆಯೇನಲ್ಲ.

ಇದಕ್ಕೆ ಕಣ್ಣೆದುರಿನ ಉದಾಹರಣೆ ಕೋಪೈಲಟ್. ಪ್ರಶ್ನೆಗೆ ಉತ್ತರಿಸುವ ಈ ಸಹಾಯಕದ ಚಿಹ್ನೆಯನ್ನು ಟಾಸ್ಕ್‌ಬಾರಿನಿಂದ ಕಿತ್ತರೆ ಕರೆಯದೆ ಬಂದ ಅತಿಥಿಯನ್ನು ಒಳಕೋಣೆಗೆ ಕಳುಹಿಸಿದಂತಾಗುತ್ತದೆಯೇ ಹೊರತು ಆತ ಮನೆ ಬಿಟ್ಟಂತಾಗುವುದಿಲ್ಲ. ಅದು ಹೋಗಬೇಕಾದರೆ ಸೆಟ್ಟಿಂಗ್ಸ್‌ನಲ್ಲಿರುವ ಆ್ಯಪ್‌ಗಳ ಪಟ್ಟಿಯಿಂದ ಅದನ್ನು ಅನ್‌ಇನ್‌ಸ್ಟಾಲ್ ಮಾಡಬೇಕು. ಮೊದಲು ಪರದೆಯ ಪಕ್ಕದ ಫಲಕವಾಗಿದ್ದ ಕೋಪೈಲಟ್ ಮುಂದೆ ಸ್ವತಂತ್ರ ಆ್ಯಪ್ ಆದುದರಿಂದ, ಹಳೆಯ ಫಲಕವನ್ನು ತಡೆಯಲೆಂದು ಆಡಳಿತಗಾರರಿಗೆ ಕೊಟ್ಟಿದ್ದ ನೀತಿ ಹೊಸ ಆ್ಯಪಿಗೆ ಅನ್ವಯಿಸದೆ ಹೋಯಿತು. 2025ರ ಮಾರ್ಚ್ ತಿಂಗಳ ಒಂದು ಅಪ್‌ಡೇಟು ಕೆಲವು ಕಂಪ್ಯೂಟರುಗಳಿಂದ ಕೋಪೈಲಟನ್ನು ತಾನಾಗಿಯೇ ಅಳಿಸಿಹಾಕಿದಾಗ ಮೈಕ್ರೋಸಾಫ್ಟ್ ಅದನ್ನು ದೋಷವೆಂದು ಒಪ್ಪಿಕೊಂಡಿತು. ಅಷ್ಟು ಉಪಕಾರಿಯಾದ ದೋಷ ವಿಂಡೋಸಿನ ಇತಿಹಾಸದಲ್ಲಿ ಅಪರೂಪ. 2024ರ ಜನವರಿಯಲ್ಲಿ ಘೋಷಿತವಾಗಿ ಹೊಸ ಕೀಬೋರ್ಡುಗಳಲ್ಲಿ ಬರತೊಡಗಿದ ಕೋಪೈಲಟ್ ಕೀಲಿಯನ್ನಂತೂ ಅಳಿಸುವ ಮಾತೇ ಇಲ್ಲ, ಪವರ್‌ಟಾಯ್ಸ್‌ನಂಥ ತಂತ್ರಾಂಶದಿಂದ ಅದಕ್ಕೆ ಬೇರೊಂದು ಕೆಲಸ ವಹಿಸಬಹುದಷ್ಟೆ.

ಕೋಪೈಲಟ್ ಕರೆದಾಗ ಮಾತ್ರ ಕೆಲಸ ಮಾಡುವಂಥದು, ರೀಕಾಲ್ ಹಾಗಲ್ಲ. 2024ರ ಮೇ 20ರಂದು ಪ್ರಕಟವಾದ ಈ ಸೌಲಭ್ಯವು ಕೆಲವೇ ಸೆಕೆಂಡುಗಳಿಗೊಮ್ಮೆ ಪರದೆಯ ಚಿತ್ರವನ್ನು, ಅಂದರೆ ಸ್ನ್ಯಾಪ್‌ಶಾಟನ್ನು, ತೆಗೆದು, ಅದರಲ್ಲಿರುವ ಅಕ್ಷರಗಳನ್ನು ಓದಿ, ಮುಂದೆಂದಾದರೂ ಹುಡುಕಲು ಅನುಕೂಲವಾಗುವಂತೆ ಯಂತ್ರದಲ್ಲಿಯೇ ಜೋಡಿಸಿಡುತ್ತದೆ. ಮೊದಲ ರೂಪದಲ್ಲಿ ಓದಿದ ಪಠ್ಯವೆಲ್ಲ ಸಾಮಾನ್ಯ ಡೇಟಾಬೇಸ್ ಕಡತವೊಂದರಲ್ಲಿ ಸುಲಭವಾಗಿ ತೆರೆಯುವಂತೆ ಕುಳಿತಿರುವುದನ್ನು ಭದ್ರತಾ ಸಂಶೋಧಕರು ತೋರಿಸಿಕೊಟ್ಟದ್ದರಿಂದ, ಕಂಪನಿಯು ಬಿಡುಗಡೆಯನ್ನು ಮುಂದೂಡಿ, ಚಿತ್ರಗಳನ್ನು ಗೂಢಲಿಪಿಗೆ ಒಳಪಡಿಸಿ, ಬೆರಳಚ್ಚು ಅಥವಾ ಮುಖದ ಗುರುತಿನ ಕಾವಲಿಟ್ಟು, ಬಳಕೆದಾರ ಒಪ್ಪಿದರೆ ಮಾತ್ರ ಚಾಲನೆಯಾಗುವಂತೆ ಬದಲಿಸಿ, 2025ರ ಏಪ್ರಿಲ್‌ನಲ್ಲಿ ಅದನ್ನು ಸಾರ್ವತ್ರಿಕವಾಗಿ ಹೊರತಂದಿತು. ಚಿತ್ರಗಳು ಯಂತ್ರವನ್ನು ಬಿಟ್ಟು ಹೋಗುವುದಿಲ್ಲವೆಂಬ ಕಂಪನಿಯ ಸಮಾಧಾನವನ್ನು ಒಪ್ಪಿಕೊಂಡರೂ, ಅದೇ ಯಂತ್ರದ ಮುಂದೆ ಕೂರುವವರ ವಿಷಯದಲ್ಲಿ ಆ ಸಮಾಧಾನ ಏನನ್ನೂ ಹೇಳುವುದಿಲ್ಲ. ರೀಕಾಲ್ ಚೆನ್ನಾಗಿ ಕೆಲಸ ಮಾಡುವಂತೆ ಹದಗೊಳಿಸಿರುವ ಭಾಷೆಗಳು ಇಂಗ್ಲಿಷ್, ಸರಳೀಕೃತ ಚೀನಿ, ಫ್ರೆಂಚ್, ಜರ್ಮನ್, ಜಪಾನಿ ಮತ್ತು ಸ್ಪ್ಯಾನಿಷ್. ಆದ್ದರಿಂದ ಕನ್ನಡದಲ್ಲಿ ಬರೆಯುವವರ ಪುಟವನ್ನೂ ಚಿತ್ರವಾಗಿ ಹಿಡಿದಿಡುವ ಈ ಸೌಲಭ್ಯ ಅದರಲ್ಲಿರುವ ಮಾತನ್ನು ಹುಡುಕಿಕೊಡುವ ಭರವಸೆಯನ್ನು ಮಾತ್ರ ಕೊಡುವುದಿಲ್ಲ.

ಪ್ರತಿ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲ ಎನ್‌ಪಿಯು, ಎಂದರೆ ಕೃತಕ ಬುದ್ಧಿಮತ್ತೆಯ ಗಣನೆಗೆಂದೇ ಇರುವ ಬಿಡಿಭಾಗ, ಉಳ್ಳ 'ಕೋಪೈಲಟ್ ಪ್ಲಸ್' ಕಂಪ್ಯೂಟರುಗಳಲ್ಲಿ ಮಾತ್ರ ರೀಕಾಲ್ ಇರುವುದರಿಂದ, ಹಳೆಯ ಲ್ಯಾಪ್‌ಟಾಪಿನವರು ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇದ್ದವರು ಸೆಟ್ಟಿಂಗ್ಸ್‌ನ 'ಪ್ರೈವಸಿ ಅಂಡ್ ಸೆಕ್ಯುರಿಟಿ' ವಿಭಾಗದಲ್ಲಿ ಸ್ನ್ಯಾಪ್‌ಶಾಟ್ ಉಳಿಸುವ ಸ್ವಿಚ್ಚನ್ನು ಆರಿಸಿದರೆ ಹೊಸ ಚಿತ್ರಗಳು ನಿಲ್ಲುತ್ತವೆ, ಆದರೆ ಅದುವರೆಗೆ ಕೂಡಿಬಿದ್ದವು ಹಾಗೆಯೇ ಇರುತ್ತವೆ. 256 ಜಿಬಿ ಡಿಸ್ಕಿನಲ್ಲಿ ಅವುಗಳಿಗೆಂದು ವಿಂಡೋಸ್ ತಾನಾಗಿ ಮೀಸಲಿಡುವ ಜಾಗವೇ 25 ಜಿಬಿ. ಆದ್ದರಿಂದ ಅಲ್ಲಿಯೇ ಇರುವ 'ಡಿಲೀಟ್ ಆಲ್' ಗುಂಡಿಯಿಂದ ಹಳೆಯದನ್ನು ಅಳಿಸಿ, ಬಳಿಕ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ಎಂಬ ಹಳೆಯ ಕಿಟಕಿಯನ್ನು ತೆರೆದು, ರೀಕಾಲ್ ಹೆಸರಿನ ಮುಂದಿರುವ ಗುರುತನ್ನು ತೆಗೆದು, ಯಂತ್ರವನ್ನು ಮರುಚಾಲನೆ ಮಾಡುವುದೇ ಸರಿಯಾದ ಕ್ರಮ. ಸಂಸ್ಥೆಗಳ ಆಡಳಿತದಲ್ಲಿರುವ ಕಂಪ್ಯೂಟರುಗಳಿಂದ ಈ ಸೌಲಭ್ಯವನ್ನು ಮೈಕ್ರೋಸಾಫ್ಟ್ ಮೊದಲೇ ತೆಗೆದಿಟ್ಟು, ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಒಪ್ಪಿಗೆಗಾಗಿ ಕಾದು ಕೂರಿಸಿರುವುದು ಗಮನಿಸತಕ್ಕ ಭೇದ.

ನೋಟ್‌ಪ್ಯಾಡಿನಂಥ ಸಣ್ಣ ಬರವಣಿಗೆಯ ಹಲಗೆಗೂ ಈಗ ವಾಕ್ಯಗಳನ್ನು ತಿದ್ದಿ ಬರೆಯುವ ಗುಂಡಿ ಬಂದಿದೆ, ಅದನ್ನು ಆರಿಸುವ ಸ್ವಿಚ್ಚು ನೋಟ್‌ಪ್ಯಾಡಿನ ಸೆಟ್ಟಿಂಗ್ಸ್‌ನೊಳಗೇ ಇದೆ. ಇವೆಲ್ಲವನ್ನೂ ಶ್ರದ್ಧೆಯಿಂದ ಮಾಡಿ ಮುಗಿಸಿದವರ ಸಂದೇಶವೂ ಅದನ್ನು ಪಡೆದವರ ಪರದೆಯ ಮೇಲೆ ತೆರೆದುಕೊಳ್ಳುವುದಷ್ಟೆ, ಆ ಕಂಪ್ಯೂಟರಿನಲ್ಲಿ ರೀಕಾಲ್ ಚಾಲನೆಯಲ್ಲಿದ್ದರೆ ಕಳುಹಿಸಿದವರಿಗೆ ಅದು ತಿಳಿಯುವ ದಾರಿಯೇ ಇಲ್ಲ. ಈ ಕಾರಣಕ್ಕೆ ಸಿಗ್ನಲ್ ಎಂಬ ಸಂದೇಶ ತಂತ್ರಾಂಶವು 2025ರ ಮೇ ತಿಂಗಳಲ್ಲಿ, ಚಲನಚಿತ್ರಗಳ ನಕಲನ್ನು ತಡೆಯಲೆಂದು ವಿಂಡೋಸಿನಲ್ಲಿರುವ ಉಪಾಯವನ್ನೇ ಎರವಲು ಪಡೆದು, ತನ್ನ ಕಿಟಕಿಯು ಯಾವುದೇ ಪರದೆಚಿತ್ರದಲ್ಲಿ ಮೂಡದಂತೆ ಮಾಡಿತು. ಬಳಕೆದಾರ ತಾನಾಗಿ ತೆಗೆಯುವ ಚಿತ್ರಕ್ಕೂ ಇದರಿಂದ ಅಡ್ಡಿಯಾಗುವುದರಿಂದ, ಆ ಕಾವಲನ್ನು ಆರಿಸಲು ಸಿಗ್ನಲ್ಲಿನ ಸೆಟ್ಟಿಂಗ್ಸ್‌ನಲ್ಲಿಯೂ ಒಂದು ಸ್ವಿಚ್ಚು ಇದೆ.